ವ್ಯಾಯಾಮ ಶುರು ಮಾಡಿದ ಮೇಲೆ ಕ್ರಿಯಾಟಿನಿನ್ ಏರಿತು, ನಿಲ್ಲಿಸಲೇ?

ಪ್ರಶ್ನೆ: ನನಗೆ 47 ವರ್ಷ. ಕಾರವಾರದಲ್ಲಿ ಕಚೇರಿ ಕೆಲಸ. ಎತ್ತರ 168 ಸೆಂ.ಮೀ., ತೂಕ 94 ಕಿಲೋ, ಸೊಂಟದ ಸುತ್ತಳತೆ 108 ಸೆಂ.ಮೀ. ಎರಡು ವರ್ಷದಿಂದ ಬಿಪಿಗೆ ಆಮ್ಲೊಡಿಪಿನ್ ತೆಗೆದುಕೊಳ್ಳುತ್ತಿದ್ದೇನೆ, ಆದರೂ 142/90ರ ಆಸುಪಾಸಿನಲ್ಲೇ ಇದೆ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) 6.3. ನಾಲ್ಕು ತಿಂಗಳ ಹಿಂದೆ ಕ್ರಿಯಾಟಿನಿನ್ 1.1 ಇತ್ತು, ಮೂತ್ರದ ಆಲ್ಬುಮಿನ್–ಕ್ರಿಯಾಟಿನಿನ್ ಅನುಪಾತ 86 ಬಂತು. ವೈದ್ಯರು ತೂಕ ಇಳಿಸಿ ಅಂದರು. ಅಂದಿನಿಂದ ದಿನಾ ಸಂಜೆ ಟಾಗೋರ್ ಕಡಲತೀರದಲ್ಲಿ ಅರ್ಧ ತಾಸು ನಡೆಯುತ್ತೇನೆ. ತಿಂಗಳ ಹಿಂದೆ ಜಿಮ್ಮಿಗೂ ಸೇರಿದೆ, ಅಲ್ಲಿ ಹೇಳಿದ ಪ್ರೊಟೀನ್ ಪೌಡರ್ ಮತ್ತು ಕ್ರಿಯಾಟಿನ್ ಪೌಡರ್ ಕುಡಿಯುತ್ತಿದ್ದೇನೆ. ಮೊನ್ನೆ ಭಾನುವಾರ ರಜೆಯಾದ್ದರಿಂದ ಜಿಮ್ಮಿನಲ್ಲಿ ಚೆನ್ನಾಗಿ ಬೆವರಿಳಿಸಿ, ಸೋಮವಾರ ಬೆಳಿಗ್ಗೆ ರಕ್ತ, ಮೂತ್ರ ಕೊಟ್ಟು ಬಂದೆ. ಕ್ರಿಯಾಟಿನಿನ್ 1.3, ಅನುಪಾತ 140! ತೂಕ ಇಳಿದದ್ದು ಒಂದೂವರೆ ಕಿಲೋ ಮಾತ್ರ. ‘ವ್ಯಾಯಾಮ ಜಾಸ್ತಿಯಾದರೆ ಕಿಡ್ನಿ ಹೋಗುತ್ತೆ, ಅದರ ಬದಲು ಬಿಂಬುಳಿ ಜ್ಯೂಸ್ ಕುಡಿ, ಕೊಬ್ಬು ಕರಗುತ್ತೆ’ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಿದ್ದಾರೆ. ವ್ಯಾಯಾಮ ನಿಲ್ಲಿಸಬೇಕೆ? ತೂಕವೇ ಇಳಿಯದಿದ್ದರೆ ಕಿಡ್ನಿಗೆ ಅದರಿಂದ ಏನು ಲಾಭ? ಇನ್ನೊಂದು: ಮರಳಿನ ಮೇಲೆ ಬರಿಗಾಲಲ್ಲಿ ನಡೆಯುವುದು ಒಳ್ಳೆಯದೋ, ಶೂ ಹಾಕಿಯೋ?

ಉತ್ತರ: ನಿಲ್ಲಿಸಬೇಡಿ. ನಡಿಗೆಯನ್ನಂತೂ ಒಂದು ದಿನವೂ ಬಿಡಬೇಡಿ. ಜಿಮ್ಮಿನ ಭಾರವನ್ನು ಎರಡು ವಾರದ ಮಟ್ಟಿಗೆ ಅರ್ಧಕ್ಕೆ ಇಳಿಸಿ, ಎರಡೂ ಪೌಡರ್ ಡಬ್ಬಿಗಳನ್ನು ಕಪಾಟಿನಲ್ಲಿಡಿ. ಬಿಂಬುಳಿ ಜ್ಯೂಸ್ ಇನ್ನೂ ಶುರು ಮಾಡಿಲ್ಲ ಅಂದುಕೊಳ್ಳುತ್ತೇನೆ. ಮಾಡಿದ್ದರೆ ಇವತ್ತೇ ಬಿಡಿ. ಅದರ ಕಥೆ ಆಮೇಲೆ ಹೇಳುತ್ತೇನೆ.

ನಿಮ್ಮ ಇಡೀ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ನೀವು ಹಾಗೇ ಬರೆದುಹೋದ ಒಂದು ಸಾಲಿನ ಮೇಲೆ. ಭಾನುವಾರ ಜಿಮ್, ಸೋಮವಾರ ಬೆಳಿಗ್ಗೆ ಪರೀಕ್ಷೆ. ಏರಿದ ಎರಡೂ ಅಂಕಿಗಳಿಗೆ ಬಹುಪಾಲು ಕಾರಣ ಅಲ್ಲೇ ಇರುವ ಸಾಧ್ಯತೆ ದೊಡ್ಡದು.

ಕ್ರಿಯಾಟಿನಿನ್ ಹುಟ್ಟುವುದು ಕಿಡ್ನಿಯಲ್ಲಲ್ಲ, ಮಾಂಸಖಂಡದಲ್ಲಿ. ಸ್ನಾಯುಗಳಲ್ಲಿರುವ ಕ್ರಿಯಾಟಿನ್ ಎಂಬ ವಸ್ತು ದಿನವೂ ಸ್ವಲ್ಪ ಸ್ವಲ್ಪ ಸವೆದು ಕ್ರಿಯಾಟಿನಿನ್ ಆಗಿ ರಕ್ತಕ್ಕೆ ಬರುತ್ತದೆ, ಕಿಡ್ನಿ ಅದನ್ನು ಸೋಸಿ ಹೊರಹಾಕುತ್ತದೆ. ರಕ್ತದಲ್ಲಿ ಅದು ಹೆಚ್ಚಾಗಿದ್ದರೆ ಕಿಡ್ನಿ ಸೋಸುವುದು ಕಡಿಮೆಯಾಗಿರಬಹುದು, ಇಲ್ಲವೇ ಸ್ನಾಯುವಿನಿಂದ ಬರುವುದೇ ಹೆಚ್ಚಾಗಿರಬಹುದು. ಪ್ರಯೋಗಾಲಯದ ಯಂತ್ರಕ್ಕೆ ಈ ಎರಡರ ವ್ಯತ್ಯಾಸ ತಿಳಿಯುವುದಿಲ್ಲ. ಭಾರ ಎತ್ತಿದ ಮರುದಿನ, ಕ್ರಿಯಾಟಿನ್ ಪೌಡರ್ ಕುಡಿಯುತ್ತಿರುವಾಗ, ಹಿಂದಿನ ರಾತ್ರಿ ಗಡದ್ದಾಗಿ ಬಂಗುಡೆ ಸಾರೋ ಮಟನ್ನೋ ಉಂಡಿದ್ದಾಗ, ಕಿಡ್ನಿ ಗಟ್ಟಿಮುಟ್ಟಾಗಿದ್ದರೂ ಅಂಕಿ ಮೇಲೆ ಬರುತ್ತದೆ. 1.1 ಇದ್ದಾಗ ನಿಮ್ಮ ಇಜಿಎಫ್‌ಆರ್, ಅಂದರೆ ಸೋಸುವ ವೇಗದ ಅಂದಾಜು, ಸುಮಾರು 83. 1.3ಕ್ಕೆ ಅದು 68ಕ್ಕೆ ಇಳಿಯುತ್ತದೆ. ಕಾಗದದ ಮೇಲೆ ನೋಡಿದರೆ ಎದೆ ಧಸಕ್ಕೆನ್ನುವ ಇಳಿತವೇ. ಆದರೆ ಆ ಕಾಗದ ನಿಮ್ಮ ಭಾನುವಾರದ ಬಗ್ಗೆ ಹೇಳುತ್ತಿದೆಯೋ ಕಿಡ್ನಿಯ ಬಗ್ಗೆ ಹೇಳುತ್ತಿದೆಯೋ ಎಂಬುದು ಇನ್ನೊಮ್ಮೆ ಸರಿಯಾಗಿ ಪರೀಕ್ಷೆ ಮಾಡದೆ ತಿಳಿಯದು. ಅನುಮಾನ ಉಳಿದರೆ ಸಿಸ್ಟಾಟಿನ್ ಸಿ ಎಂಬ ಇನ್ನೊಂದು ರಕ್ತಪರೀಕ್ಷೆ ಇದೆ. ಅದಕ್ಕೆ ಮಾಂಸಖಂಡದ ಹಂಗು ಅಷ್ಟಾಗಿ ಇಲ್ಲ. ಬೊಜ್ಜು ಇದ್ದವರಲ್ಲಿ ಅದರ ಅಂಕಿಯೂ ಕೊಂಚ ಹೆಚ್ಚೇ ಬರುತ್ತದೆ, ಹಾಗಾಗಿ ಎರಡನ್ನೂ ಸೇರಿಸಿ ನೋಡುವುದು ವಾಸಿ.

ಇನ್ನು ಮೂತ್ರದ ಆಲ್ಬುಮಿನ್, ಅಂದರೆ ರಕ್ತದಿಂದ ಮೂತ್ರಕ್ಕೆ ಜಿನುಗುವ ಒಂದು ಪ್ರೊಟೀನ್. ಕೆಲವು ವರ್ಷಗಳ ಹಿಂದೆ ಮಳೆಗಾಲ ಮುಗಿದ ಮೇಲೆ ಮಕ್ಕಳ ಜೊತೆ ಯಾಣ ಹತ್ತಿದ್ದೆ. ಇಳಿಯುವಾಗ ಅವರ ಸಮಕ್ಕೆ ಓಡಲು ಹೋಗಿ ಮೈ ಹಣ್ಣಾಯಿತು. ಶಿರಸಿಗೆ ಬಂದವನು ಕುತೂಹಲಕ್ಕೆ ಕ್ಲಿನಿಕ್ಕಿನಲ್ಲಿದ್ದ ಪರೀಕ್ಷೆಯ ಪಟ್ಟಿಯನ್ನು ನನ್ನದೇ ಮೂತ್ರದಲ್ಲಿ ಅದ್ದಿ ನೋಡಿದೆ: ಪ್ರೊಟೀನ್ ಒಂದು ಪ್ಲಸ್. ಎರಡು ದಿನ ಬಿಟ್ಟು ನೋಡಿದರೆ ಏನೂ ಇಲ್ಲ. ತೀವ್ರ ವ್ಯಾಯಾಮದ ನಂತರ ಮೂತ್ರದಲ್ಲಿ ಪ್ರೊಟೀನ್ ಕಾಣಿಸಿಕೊಳ್ಳುವುದು ಆರೋಗ್ಯವಂತರಲ್ಲೂ ಉಂಟು. ಒಂದೆರಡು ದಿನದಲ್ಲಿ ತಾನಾಗಿಯೇ ಹೋಗುತ್ತದೆ. ಎಷ್ಟು ಹೊತ್ತು ವ್ಯಾಯಾಮ ಮಾಡಿದಿರಿ ಎನ್ನುವುದಕ್ಕಿಂತ ಎಷ್ಟು ಜೋರಾಗಿ ಮಾಡಿದಿರಿ ಎನ್ನುವುದರ ಮೇಲೆ ಅದು ನಿಂತಿದೆ. ಕಡಲತೀರದ ನಡಿಗೆ ಇದನ್ನು ಮಾಡುವುದು ಅಪರೂಪ, ಏದುಸಿರು ಬಿಡಿಸುವ ಜಿಮ್ ಮಾಡಬಹುದು.

ಹಾಗಾಗಿ 140ನ್ನು ನಾನು ಸದ್ಯಕ್ಕೆ ಪಕ್ಕಕ್ಕಿಡುತ್ತೇನೆ. ಆದರೆ 86ನ್ನು ಇಡಲಾರೆ. ಆ ಅಂಕಿ ಬಂದಾಗ ನೀವು ವ್ಯಾಯಾಮವನ್ನೇ ಮಾಡುತ್ತಿರಲಿಲ್ಲ. 30ರ ಒಳಗಿರಬೇಕಾದದ್ದು 86 ಇತ್ತು. ನೀವು 1.3 ನೋಡಿ ಹೆದರಿದ್ದೀರಿ, ನಾನು ಆ ಹಳೆಯ 86 ನೋಡಿ ಎಚ್ಚರಗೊಂಡಿದ್ದೇನೆ. ಬೊಜ್ಜು ಕಿಡ್ನಿಯಲ್ಲಿ ಮೊದಲು ಗುರುತು ಬಿಡುವುದು ಬಹುತೇಕ ಅಲ್ಲೇ, ಕ್ರಿಯಾಟಿನಿನ್ ಏರಲು ಇನ್ನೂ ಎಷ್ಟೋ ವರ್ಷ ಇರುವಾಗಲೇ.

ಯಾಕೆ ಎಂದು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ವ್ಯಾಯಾಮದ ಲಾಭವೂ ಇದೇ ದಾರಿಯಲ್ಲಿ ಬರುವುದು. ಕುಮಟಾದ ಕಡೆ ಅಘನಾಶಿನಿ ಅಳಿವೆಯ ಗಜನಿ ಗದ್ದೆ ನೋಡಿರುತ್ತೀರಿ. ಸುತ್ತ ಮಣ್ಣಿನ ಕಟ್ಟೆ, ನೀರು ಬರಲು ಹೋಗಲು ಹಲಗೆಯ ಬಾಗಿಲು. ಈಗ ಒಂದು ಗಜನಿಗೆ ನೀರು ಒಳಬರುವ ಬಾಗಿಲು ಒಂದು, ಹೊರಹೋಗುವ ಬಾಗಿಲು ಇನ್ನೊಂದು ಅಂದುಕೊಳ್ಳಿ. ಒಳಬಾಗಿಲು ಪೂರ್ತಿ ತೆರೆದು, ಹೊರಬಾಗಿಲನ್ನು ಅರ್ಧ ಮುಚ್ಚಿಬಿಟ್ಟರೆ? ನೀರಿನ ಒತ್ತಡವೆಲ್ಲ ಕಟ್ಟೆಯ ಮೇಲೆ. ಮೊದಮೊದಲು ಕಟ್ಟೆಯ ಬುಡದಲ್ಲಿ ಸಣ್ಣಗೆ ಜಿನುಗುತ್ತದೆ, ಹೊರಗಿನಿಂದ ನೋಡಿದವರಿಗೆ ಗದ್ದೆ ತುಂಬಿ ಸೊಗಸಾಗಿಯೇ ಕಾಣುತ್ತದೆ.

ಕಿಡ್ನಿಯ ಒಂದೊಂದು ಸೋಸುಗಂಟೂ ಇಂಥದೊಂದು ಗಜನಿ. ಒಂದು ಕಿಡ್ನಿಯಲ್ಲಿ ಇವು ಸರಾಸರಿ ಹತ್ತು ಲಕ್ಷದಷ್ಟು. ಹುಟ್ಟುವಾಗ ಎಷ್ಟು ಬಂದವೋ ಅಷ್ಟೇ, ಆಮೇಲೆ ಹೊಸದು ಹುಟ್ಟುವುದಿಲ್ಲ. 65 ಕಿಲೋ ದೇಹಕ್ಕೂ 94 ಕಿಲೋ ದೇಹಕ್ಕೂ ಅದೇ ಸಂಖ್ಯೆ. ದೇಹ ದೊಡ್ಡದಾದಾಗ ಒಂದೊಂದು ಗಂಟೂ ಹೆಚ್ಚು ದುಡಿಯಬೇಕು. ಅದರ ಮೇಲೆ ಬೊಜ್ಜಿನಲ್ಲಿ ಇನ್ಸುಲಿನ್ ಹೆಚ್ಚಿರುತ್ತದೆ, ಕೊಬ್ಬಿನ ಕೋಶಗಳಿಂದ ಬರುವ ಲೆಪ್ಟಿನ್ ನರಗಳನ್ನು ಕೆರಳಿಸಿಡುತ್ತದೆ, ಆಂಜಿಯೊಟೆನ್ಸಿನ್ ಎಂಬ ಹಾರ್ಮೋನು ಏರುತ್ತದೆ. ಕಿಡ್ನಿಯ ಸುತ್ತಲೂ ಒಳಗೂ ಸೇರಿಕೊಂಡ ಕೊಬ್ಬು ಅದನ್ನು ಅಮುಕುತ್ತದೆ ಕೂಡ. ಇವೆಲ್ಲ ಸೇರಿ ಕಿಡ್ನಿ ಉಪ್ಪನ್ನು ಹೊರಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ನಳಿಕೆಯಲ್ಲಿ ಮುಂದಕ್ಕಿರುವ ಕಾವಲುಗಾರ ತನ್ನಲ್ಲಿಗೆ ಸಾಕಷ್ಟು ಉಪ್ಪು ಬರುತ್ತಿಲ್ಲವೆಂದು ಕಂಡು, ಸೋಸುವುದು ಸಾಲದೆಂದು ತಿಳಿದು ಒಳಬಾಗಿಲನ್ನು ಅಗಲಿಸುತ್ತಾನೆ. ಅತ್ತ ಆಂಜಿಯೊಟೆನ್ಸಿನ್ ಹೊರಬಾಗಿಲನ್ನು ಬಿಗಿಯುತ್ತದೆ. ಗಂಟು ಉಬ್ಬುತ್ತದೆ. ಅದರ ಗೋಡೆಯನ್ನು ಹೊರಗಿನಿಂದ ಕೈಬೆರಳುಗಳಂತೆ ತಬ್ಬಿ ಹಿಡಿದಿರುವ ಕೋಶಗಳಿವೆ, ಪೋಡೊಸೈಟ್ ಎನ್ನುತ್ತಾರೆ. ಅವು ವೃದ್ಧಿಯಾಗುವ ಜಾತಿಯವಲ್ಲ, ಹಿಗ್ಗಿದ ಗಂಟನ್ನು ಇದ್ದಷ್ಟೇ ಬೆರಳಿನಲ್ಲಿ ತಬ್ಬಲು ಹೋಗಿ ಸೋಲುತ್ತವೆ, ಕೆಲವು ಕಳಚಿ ಬೀಳುತ್ತವೆ. ಆ ಸಂದಿಯಲ್ಲಿ ಆಲ್ಬುಮಿನ್ ಜಿನುಗುತ್ತದೆ. ನಿಮ್ಮ 86 ಅದೇ ಜಿನುಗು. ಹೀಗೇ ಬಿಟ್ಟರೆ ಕೆಲವು ಗಂಟುಗಳು ಕಲೆಗಟ್ಟಿ ಸಾಯುತ್ತವೆ, ಅವುಗಳ ಪಾಲಿನ ಕೆಲಸ ಉಳಿದವುಗಳ ತಲೆಗೆ ಬರುತ್ತದೆ. ತೀರಾ ಸ್ಥೂಲಕಾಯದವರಲ್ಲಿ ಬರೀ ಬೊಜ್ಜಿನಿಂದಲೇ ಹೀಗಾಗುವುದನ್ನು ವೈದ್ಯರು 1974ರಲ್ಲೇ ದಾಖಲಿಸಿದ್ದರು. 2017ರ ವಿಶ್ವ ಕಿಡ್ನಿ ದಿನದ ವಿಷಯವೂ ಕಿಡ್ನಿ ಕಾಯಿಲೆ ಮತ್ತು ಬೊಜ್ಜು ಎಂಬುದೇ ಆಗಿತ್ತು.

ಇಲ್ಲೊಂದು ಲೆಕ್ಕದ ಮೋಸವೂ ಇದೆ. ಇಜಿಎಫ್‌ಆರ್ ವರದಿಯನ್ನು 1.73 ಚದರ ಮೀಟರ್ ಮೈವಿಸ್ತೀರ್ಣಕ್ಕೆ ಸರಿಹೊಂದಿಸಿ ಕೊಡುತ್ತಾರೆ. ನಿಮ್ಮ ಎತ್ತರ, ತೂಕಕ್ಕೆ ಮೈವಿಸ್ತೀರ್ಣ ಸುಮಾರು 2.09. ಆ ಲೆಕ್ಕದಲ್ಲಿ ವರದಿಯ 83 ಅಂದರೆ ನಿಮ್ಮ ಕಿಡ್ನಿಗಳು ನಿಜವಾಗಿ ಸೋಸುತ್ತಿರುವುದು ನಿಮಿಷಕ್ಕೆ 100 ಮಿ.ಲೀ. ಆಸುಪಾಸು. ಬೊಜ್ಜಿನವರ ಅತಿದುಡಿಮೆ ಈ ಸರಿಹೊಂದಿಸುವಿಕೆಯಲ್ಲಿ ಮುಚ್ಚಿಹೋಗುತ್ತದೆ. ಕ್ರಿಯಾಟಿನಿನ್ ಚೆನ್ನಾಗಿದೆ ಎಂದು ಮನೆಗೆ ಹೋದ ಎಷ್ಟೋ ಜನರ ಮೂತ್ರದಲ್ಲಿ ಆಲ್ಬುಮಿನ್ ನೋಡಿಯೇ ಇರುವುದಿಲ್ಲ. ನಿಮ್ಮ ವೈದ್ಯರು ನೋಡಿದ್ದಾರೆ, ಅವರಿಗೆ ನನ್ನ ನಮಸ್ಕಾರ ಹೇಳಿ.

ಈಗ ವ್ಯಾಯಾಮ ಈ ಬಾಗಿಲುಗಳಿಗೆ ಏನು ಮಾಡುತ್ತದೆ ಎಂಬುದು.

ವ್ಯಾಯಾಮ ಮಾಡುತ್ತಿರುವ ಹೊತ್ತಿಗೂ ಉಳಿದ ಇಪ್ಪತ್ಮೂರು ತಾಸಿಗೂ ಉತ್ತರ ಬೇರೆ ಬೇರೆ, ನಿಮ್ಮ ಸಹೋದ್ಯೋಗಿ ಗೊಂದಲ ಮಾಡಿಕೊಂಡದ್ದು ಇಲ್ಲೇ. ಸುಮ್ಮನೆ ಕೂತಾಗ ಹೃದಯದಿಂದ ಹೊರಟ ರಕ್ತದ ಐದನೇ ಒಂದು ಪಾಲು, ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಲೀಟರ್, ಕಿಡ್ನಿಗಳಿಗೇ ಹೋಗುತ್ತದೆ. ಜೋರಾಗಿ ದುಡಿಯುವಾಗ ದೇಹ ಈ ಪಾಲನ್ನು ಕಿತ್ತು ಸ್ನಾಯುಗಳಿಗೆ, ಚರ್ಮಕ್ಕೆ ಕೊಡುತ್ತದೆ. ಬಿರುಸು ನಡಿಗೆಯಲ್ಲಿ ಈ ಕಡಿತ ಅಲ್ಪ. ಸುಸ್ತಾಗಿ ಬೀಳುವಷ್ಟು ಓಡಿದರೆ ಕಿಡ್ನಿಯ ರಕ್ತ ಅರ್ಧಕ್ಕೆ, ಕೆಲವೊಮ್ಮೆ ಕಾಲುಭಾಗಕ್ಕೂ ಇಳಿಯುತ್ತದೆ. ನೀರು ಸಾಕಷ್ಟಿದ್ದು ವ್ಯಾಯಾಮ ನಿಲ್ಲಿಸಿದರೆ ಅದು ಹಿಂತಿರುಗುತ್ತದೆ. ‘ವ್ಯಾಯಾಮದಿಂದ ಕಿಡ್ನಿಗೆ ತೊಂದರೆ’ ಎಂಬ ಮಾತಿನಲ್ಲಿರುವ ಸತ್ಯ ಇಷ್ಟೇ.

ಉಳಿದ ಹೊತ್ತಿನಲ್ಲಿ ಆಗುವುದು ಇದರ ತದ್ವಿರುದ್ಧ. ನಡೆದ ಸ್ನಾಯು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ, ಮುಂದಿನ ಒಂದೆರಡು ದಿನ ಇನ್ಸುಲಿನ್ನಿಗೂ ಚೆನ್ನಾಗಿ ಸ್ಪಂದಿಸುತ್ತದೆ. ಹಾಗಾಗಿ ದೇಹ ಇನ್ಸುಲಿನ್ ಕಡಿಮೆ ಸುರಿಸಿದರೂ ಸಾಕು. ಕಿಡ್ನಿ ಹಿಡಿದಿಟ್ಟುಕೊಳ್ಳುವ ಉಪ್ಪೂ ಕಡಿಮೆಯಾಗುತ್ತದೆ. ಕೆರಳಿದ ನರಗಳು ತಣ್ಣಗಾಗುತ್ತವೆ. ರಕ್ತನಾಳದ ಒಳಪದರ ಮೆತ್ತಗಾಗುತ್ತದೆ. ಬಿಪಿ ಹೆಚ್ಚಿರುವವರಲ್ಲಿ ಕ್ರಮವಾದ ನಡಿಗೆ ಮೇಲಿನ ಅಂಕಿಯನ್ನು ಐದರಿಂದ ಎಂಟರಷ್ಟು ಇಳಿಸುತ್ತದೆ, ಒಂದು ಮಾತ್ರೆಗೆ ಹತ್ತಿರದ ಕೆಲಸ ಅದು. ಇನ್ನು ಹೊಟ್ಟೆಯೊಳಗಿನ ಕೊಬ್ಬು, ಯಕೃತ್ತಿನ ಕೊಬ್ಬು: ತೂಕದ ಯಂತ್ರ ಅಲುಗಾಡದಿದ್ದಾಗಲೂ ವ್ಯಾಯಾಮದಿಂದ ಇವು ಕರಗುತ್ತವೆ. ಕಿಡ್ನಿಗೆ ಕಾಟ ಕೊಡುವುದು ತೊಡೆಯ ಕೊಬ್ಬಿಗಿಂತ ಹೆಚ್ಚಾಗಿ ಈ ಒಳಗಿನ ಕೊಬ್ಬೇ. ಆದ್ದರಿಂದ ತೂಕ ನೋಡುವ ದಿನ ಒಂದು ಟೇಪು ಹಿಡಿದು ಸೊಂಟವನ್ನೂ ಅಳೆಯಿರಿ. ನಮ್ಮ ದೇಶದ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಗಡಿ. ನಿಮ್ಮ 108 ಈಗ 105 ಆಗಿದ್ದರೆ, ಒಂದೂವರೆ ಕಿಲೋ ಮಾತ್ರ ಇಳಿಯಿತೆಂಬ ನಿಮ್ಮ ಬೇಸರ ನನಗಿಲ್ಲ.

ಇಷ್ಟು ಹೇಳಿದ ಮೇಲೆ ಹೊಗಳಿಕೆಗೆ ಮಿತಿಯನ್ನೂ ಹಾಕಬೇಕು. ವ್ಯಾಯಾಮ ಒಂದರಿಂದಲೇ ಇಜಿಎಫ್‌ಆರ್ ಏರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಮೆರಿಕದಲ್ಲಿ ಲುಕ್ ಅಹೆಡ್ ಎಂಬ ದೊಡ್ಡ ಅಧ್ಯಯನ ನಡೆಯಿತು. ತೂಕ ಹೆಚ್ಚಿದ್ದ 5,145 ಮಧುಮೇಹಿಗಳಲ್ಲಿ ಅರ್ಧದಷ್ಟು ಜನರಿಗೆ ಊಟದ ಕಟ್ಟುನಿಟ್ಟಿನ ಜೊತೆ ವಾರಕ್ಕೆ 175 ನಿಮಿಷ ವ್ಯಾಯಾಮದ ಗುರಿ. ಹೃದಯಾಘಾತ ಕಡಿಮೆಯಾಗಲಿಲ್ಲವೆಂದು 2012ರಲ್ಲಿ ಅದನ್ನು ನಿಲ್ಲಿಸಿದರು. ಆದರೆ 2014ರಲ್ಲಿ ಕಿಡ್ನಿಯ ಲೆಕ್ಕ ತೆಗೆದು ನೋಡಿದರೆ, ತೀವ್ರ ಅಪಾಯದ ಹಂತದ ಕಿಡ್ನಿ ಕಾಯಿಲೆ ಆ ಗುಂಪಿನಲ್ಲಿ ಶೇಕಡಾ 31ರಷ್ಟು ಕಡಿಮೆ! ಅಲ್ಲಿ ಊಟವೂ ವ್ಯಾಯಾಮವೂ ಜೋಡಿಯಾಗಿದ್ದವು, ಯಾವುದರ ಪಾಲೆಷ್ಟು ಎಂದು ಬಿಡಿಸಲಾಗದು. ಬರೀ ದೈಹಿಕ ಚಟುವಟಿಕೆಯ ಬಗ್ಗೆ ನನಗೆ ಮೆಚ್ಚುಗೆಯಾದದ್ದು 2022ರಲ್ಲಿ ಬಂದ ಫಲಿತಾಂಶ. 70ರಿಂದ 89 ವರ್ಷದ, ಕೂತೇ ದಿನ ಕಳೆಯುತ್ತಿದ್ದ ಹಿರಿಯರನ್ನು ಎರಡು ವರ್ಷ ನಡೆಸಿ, ಸಣ್ಣಪುಟ್ಟ ಕಸರತ್ತು ಮಾಡಿಸಿ, ಸಿಸ್ಟಾಟಿನ್ ಸಿ ಅಳೆದರು. ಬರೀ ಆರೋಗ್ಯ ಪಾಠ ಕೇಳಿದವರಿಗಿಂತ ಇವರ ಕಿಡ್ನಿಯ ಇಳಿತ ಎರಡು ವರ್ಷಕ್ಕೆ ಸುಮಾರು ಒಂದು ಅಂಕಿಯಷ್ಟು ಕಡಿಮೆ. ಒಂದೇ ಅಂಕಿಯೇ ಎನ್ನಬೇಡಿ, ಆ ವಯಸ್ಸಿನಲ್ಲಿ ಮಾತ್ರೆಯಿಲ್ಲದೆ ಸಿಕ್ಕ ಅಂಕಿ ಅದು. ನೀವು 47.

ತೂಕ ಯಾಕೆ ಇಳಿಯಲಿಲ್ಲ ಎಂಬುದಕ್ಕೆ ಉತ್ತರ ಬಹುಶಃ ಕಡಲತೀರದಿಂದ ಮನೆಗೆ ಹೋಗುವ ದಾರಿಯಲ್ಲಿದೆ. ನಿಮ್ಮ ತೂಕದವರು ಅರ್ಧ ತಾಸು ನಡೆದರೆ ಖರ್ಚಾಗುವುದು ಸುಮಾರು 160 ಕ್ಯಾಲೊರಿ. ಹೋಟೆಲಿನ ಎರಡು ಬನ್ಸ್, ಒಂದು ಸಿಹಿ ಚಾ ಅದನ್ನು ತುಂಬಿಸಿ ಮೇಲೆ ಬಡ್ಡಿಯನ್ನೂ ಕೊಡುತ್ತದೆ. ತೂಕ ಇಳಿಯುವುದು ತಟ್ಟೆಯಿಂದ, ಕಿಡ್ನಿಯ ಒತ್ತಡ ಇಳಿಯುವುದು ತಟ್ಟೆ ಮತ್ತು ಕಾಲು ಎರಡರಿಂದಲೂ. ಶೇಕಡಾ 5ರಿಂದ 10ರಷ್ಟು, ಅಂದರೆ ನಿಮ್ಮ ಲೆಕ್ಕದಲ್ಲಿ ಐದರಿಂದ ಒಂಬತ್ತು ಕಿಲೋ ಇಳಿದರೆ ಮೂತ್ರದ ಆಲ್ಬುಮಿನ್ ಕಡಿಮೆಯಾಗುವುದನ್ನು ನಾವು ಸಾಮಾನ್ಯವಾಗಿ ನೋಡುತ್ತೇವೆ. 65ಕ್ಕೇ ಬರಬೇಕೆಂದಿಲ್ಲ. ರಾತ್ರಿಯ ಅನ್ನ ಅರ್ಧ ಮಾಡಿ, ಸಾರಿನ ಹೋಳು ಎರಡು ಪಟ್ಟು ಮಾಡಿ. ಉಪ್ಪು ದಿನಕ್ಕೆ 5 ಗ್ರಾಂ ದಾಟಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು, ಅಂದರೆ ಒಂದು ಚಹಾ ಚಮಚ. ಸಾಣಿಕಟ್ಟೆಯ ಉಪ್ಪಿನಾಗರ ಪಕ್ಕದಲ್ಲೇ ಇರುವ, ಒಣಮೀನು, ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ ಇಲ್ಲದೆ ಮಳೆಗಾಲ ಕಳೆಯದ ನಮ್ಮ ಜಿಲ್ಲೆಯವರಿಗೆ ಈ ಮಾತು ಹೇಳುವಾಗ ನನ್ನ ದನಿಯೂ ಸಣ್ಣಗಾಗುತ್ತದೆ, ಉಪ್ಪಿನಕಾಯಿ ಬಾಟಲಿ ನಮ್ಮ ಮನೆಯಲ್ಲೂ ಇದೆ. ಆದರೂ ಹೇಳಲೇಬೇಕು. ಉಪ್ಪು ಬಿಡದೆ ಬಿಪಿ ಮಾತ್ರೆ ಹೆಚ್ಚಿಸುತ್ತಾ ಹೋಗುವುದರಲ್ಲಿ ಅರ್ಥವಿಲ್ಲ.

ಎಷ್ಟು ನಡೆಯಬೇಕು? ವಾರಕ್ಕೆ 150 ನಿಮಿಷ ಮಧ್ಯಮ ಗತಿಯ ವ್ಯಾಯಾಮ. 2024ರ ಅಂತರರಾಷ್ಟ್ರೀಯ ಕಿಡ್ನಿ ಮಾರ್ಗಸೂಚಿ ಹೇಳುವುದೂ ಇಷ್ಟೇ, ಅದೂ ನಿಮ್ಮ ಹೃದಯ, ಮೈ ಸಹಿಸುವಷ್ಟು ಎಂಬ ಷರತ್ತಿನೊಂದಿಗೆ. ಮಧ್ಯಮ ಗತಿ ಎಂದರೇನು ಎಂದು ಕೇಳಿದವರಿಗೆ ನಾನು ಹೇಳುವುದು: ನಡೆಯುತ್ತಾ ಮಾತಾಡಲು ಆಗಬೇಕು, ಭಾಗವತಿಕೆ ಮಾಡಲು ಆಗಬಾರದು. ಪದ್ಯ ಹಾಡಿಕೊಂಡು ನಡೆಯುತ್ತೀರಾದರೆ ಅದು ವಿಹಾರ. ಮಾತೇ ಹೊರಡದಿದ್ದರೆ ಜೋರಾಯಿತು. ನೀವು ದಿನಾ ಅರ್ಧ ತಾಸು ನಡೆಯುತ್ತಿದ್ದೀರಿ ಅಂದರೆ ಗುರಿ ಮುಟ್ಟಿಯಾಗಿದೆ, ಗತಿ ಮಾತ್ರ ನೋಡಿಕೊಳ್ಳಿ. ಇನ್ನು ಉಳಿದದ್ದು ಕೂರುವ ಹೊತ್ತು. ಶಿರಸಿಯಲ್ಲಿ ನನಗೆ ದಿನಾ ಕೇಳಿಸುವ ಮಾತೊಂದಿದೆ: ‘ದಿನಾ ತೋಟಕ್ಕೆ ಹೋಗಿ ಬತ್ತಿ, ಅಷ್ಟು ಸಾಕಾಗ್ತಿಲ್ಯ ಡಾಕ್ಟ್ರೇ?’ ಹಿಂದೆ ಸಾಕಿತ್ತು. ಈಗ ತೋಟದವರೆಗೆ ಬೈಕು ಹೋಗುತ್ತದೆ, ಮರ ಹತ್ತುವುದು ಕೊನೆಗೌಡ, ಮನೆಯವರು ಕೊಯ್ಲಿನ ಕಾಲದಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಮಧ್ಯರಾತ್ರಿಯವರೆಗೆ ಅಡಿಕೆ ಸುಲಿಯುತ್ತಾರೆ. ದಣಿವು ಖಂಡಿತ ಆಗುತ್ತದೆ, ಆದರೆ ದಣಿವೆಲ್ಲ ವ್ಯಾಯಾಮವಲ್ಲ. ನಿಮ್ಮ ಕಚೇರಿ ಕುರ್ಚಿಯೂ ಅಂಥದೇ. ತಾಸಿಗೊಮ್ಮೆ ಎದ್ದು ಎರಡು ನಿಮಿಷ ಓಡಾಡಿ, ಮಧ್ಯಾಹ್ನ ಊಟವಾದ ಮೇಲೆ ಹತ್ತು ನಿಮಿಷ ನಡೆಯಿರಿ. ನಿಮ್ಮ 6.3ಕ್ಕೆ ಈ ಹತ್ತು ನಿಮಿಷ ಬಹಳ ಒಳ್ಳೆಯದು.

ಮಳೆಗಾಲದ ಬಗ್ಗೆ ಈಗಲೇ ಯೋಚಿಸಿ. ಜೂನ್ ಬಂತೆಂದರೆ ಕಡಲತೀರದ ನಡಿಗೆ ಕೊಚ್ಚಿಹೋಗುತ್ತದೆ, ಸೆಪ್ಟೆಂಬರಿನಲ್ಲಿ ಬರುವಾಗ ಎಲ್ಲರೂ ಮೂರು ಕಿಲೋ ಹೊತ್ತುಕೊಂಡು ಬರುತ್ತಾರೆ. ಮನೆಯ ಜಗಲಿ, ಕಚೇರಿಯ ಪಡಸಾಲೆ, ಮೆಟ್ಟಿಲು ಯಾವುದಾದರೂ ಸರಿ. ನನ್ನ ಪರಿಚಯದ ಹಿರಿಯರೊಬ್ಬರು ಜಗಲಿಯಲ್ಲೇ ಸುತ್ತು ಹಾಕುತ್ತಾರೆ, ಸುತ್ತು ತಪ್ಪದಿರಲೆಂದು ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಅಡಿಕೆ ಹಾಕುತ್ತಾ ಎಣಿಸುತ್ತಾರೆ.

ಜಿಮ್ಮಿಗೆ ನಾನು ವಿರೋಧಿಯಲ್ಲ. ವಾರಕ್ಕೆರಡು ಸಲ ಸ್ನಾಯು ಬಲದ ವ್ಯಾಯಾಮ ಬೇಕೇ ಬೇಕು. ಊಟ ಇಳಿಸಿ ತೂಕ ಕಳೆಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ, ಅದನ್ನು ಉಳಿಸುವುದು ಇದೇ. ಆದರೆ ಉಸಿರು ಬಿಗಿಹಿಡಿದು ಎತ್ತಬೇಡಿ, ಬಿಪಿ ಆ ಕ್ಷಣ ಗಗನಕ್ಕೆ ಹೋಗುತ್ತದೆ. ಹದಿನೈದು ಸಲ ಎತ್ತಬಲ್ಲ ಭಾರ ಇಟ್ಟುಕೊಳ್ಳಿ. ಅಭ್ಯಾಸವಿಲ್ಲದ ಮೈಯಲ್ಲಿ ಒಂದೇ ದಿನ ನೂರಾರು ಬಸ್ಕಿ ಹೊಡೆಸಿದರೆ ಸ್ನಾಯು ಒಡೆದು ಅದರ ಮಯೋಗ್ಲೋಬಿನ್ ರಕ್ತಕ್ಕೆ ನುಗ್ಗಿ ಕಿಡ್ನಿಯ ನಳಿಕೆಗಳನ್ನು ಕಟ್ಟಿಬಿಡಬಹುದು. ಮೈಕೈ ನೋವು ಸಹಜಕ್ಕಿಂತ ವಿಪರೀತವಾಗಿ, ಸ್ನಾಯು ಊದಿ, ಮೂತ್ರ ಹಾಲು ಹಾಕದ ಚಾದ ಬಣ್ಣಕ್ಕೆ ತಿರುಗಿದರೆ ನಾಳೆ ನೋಡೋಣ ಅನ್ನಬೇಡಿ, ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಿ. ನಮ್ಮ ಜಿಲ್ಲೆಯವರು ದೊಡ್ಡ ಆಸ್ಪತ್ರೆಗೆಂದು ಹುಬ್ಬಳ್ಳಿ, ಮಣಿಪಾಲ, ಗೋವಾ ದಾರಿ ಹಿಡಿಯಬೇಕು, ಆ ದಾರಿಯ ತಾಸುಗಳನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ವ್ಯಾಯಾಮಕ್ಕಿಂತ ಅದರ ಹಿಂದೆ ಬರುವ ನೋವಿನ ಮಾತ್ರೆ ನನಗೆ ಹೆಚ್ಚು ಭಯ. ಡೈಕ್ಲೊಫೆನಾಕ್, ಐಬುಪ್ರೊಫೆನ್, ಎಸಿಕ್ಲೊಫೆನಾಕ್ ಇವು ಗಜನಿಯ ಒಳಬಾಗಿಲನ್ನೇ ಹಿಸುಕುತ್ತವೆ. ಬೆವರಿ ಬತ್ತಿದ ಮೈಗೆ ಇದು ಬಿದ್ದರೆ ಒಂದೇ ವಾರದಲ್ಲಿ ಕಿಡ್ನಿ ಮುಗ್ಗರಿಸಿದ್ದನ್ನು ನೋಡಿದ್ದೇನೆ. ಮಂಡಿ, ಸೊಂಟ ನೋವಿಗೆ ಎರಡು ದಿನ ವಿಶ್ರಾಂತಿ, ತೀರಾ ಬೇಕಾದರೆ ಪ್ಯಾರಾಸಿಟಮಾಲ್. ಕರಾವಳಿಯ ಸೆಕೆ ಬೇರೆ. ಗಾಳಿಯಲ್ಲೇ ನೀರಿರುವಾಗ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಏಪ್ರಿಲ್, ಮೇನಲ್ಲಿ ಸೂರ್ಯ ಏಳುವ ಮೊದಲೋ ಇಳಿದ ಮೇಲೋ ನಡೆಯಿರಿ. ನೀರು ಬಾಯಾರಿಕೆಗೆ ತಕ್ಕಷ್ಟು, ಮೂತ್ರ ತಿಳಿಹಳದಿ ಇರುವಷ್ಟು. ಕಿಡ್ನಿ ತೊಳೆಯಲೆಂದು ಐದು ಲೀಟರ್ ಕುಡಿಯುವುದು ಬೇಡ. ಅರ್ಧ ತಾಸಿನ ನಡಿಗೆಗೆ ಓಆರ್‌ಎಸ್ ಪೊಟ್ಟಣವೂ ಬೇಡ, ಅದರಲ್ಲಿರುವುದು ಉಪ್ಪು, ಸಕ್ಕರೆಯೇ.

ಬಿಂಬುಳಿಗೆ ಬಂದೆ. ಮೀನಿನ ಸಾರಿಗೆ ನಾಲ್ಕು ಕಾಯಿ ಹೆಚ್ಚಿ ಹಾಕುವುದು ಬೇರೆ, ಹಿಂಡಿ ಲೋಟಗಟ್ಟಲೆ ಕುಡಿಯುವುದು ಬೇರೆ. ಅದರಲ್ಲಿ ಆಕ್ಸಾಲಿಕ್ ಆಮ್ಲ ವಿಪರೀತ. ಕೊಲೆಸ್ಟರಾಲ್ ಇಳಿಯಲೆಂದು ಈ ರಸ ಕುಡಿದು ಕಿಡ್ನಿಯ ನಳಿಕೆಗಳಲ್ಲಿ ಆಕ್ಸಲೇಟ್ ಹರಳು ತುಂಬಿಕೊಂಡು, ಡಯಾಲಿಸಿಸ್‌ಗೆ ಬಂದವರ ಬಗ್ಗೆ ಕೇರಳದ ವೈದ್ಯರು ದಾಖಲಿಸಿದ್ದಾರೆ. ಅದರ ಬಳಗದ ಇನ್ನೊಂದು ಹಣ್ಣು, ಅಡ್ಡ ಕೊಯ್ದರೆ ನಕ್ಷತ್ರದಂತೆ ಕಾಣುವ ಸ್ಟಾರ್ ಫ್ರೂಟ್, ಕಿಡ್ನಿ ಸೊರಗಿದವರಿಗೆ ಇನ್ನೂ ಅಪಾಯಕಾರಿ, ಮೆದುಳಿಗೂ ತಟ್ಟುತ್ತದೆ. ಸಹೋದ್ಯೋಗಿಗೆ ಇದನ್ನು ದಯವಿಟ್ಟು ಓದಿ ಹೇಳಿ.

ಇನ್ನು ಔಷಧಿ. ನಿಮ್ಮ ಆಮ್ಲೊಡಿಪಿನ್ ಒಳ್ಳೆಯ ಮಾತ್ರೆಯೇ, ಬಿಪಿ ಇಳಿಸುತ್ತದೆ. ಆದರೆ ಅದು ಒಳಬಾಗಿಲನ್ನು ಇನ್ನಷ್ಟು ಅಗಲಿಸುವ ಜಾತಿ. ಮೂತ್ರದಲ್ಲಿ ಆಲ್ಬುಮಿನ್ ಇದ್ದವರಿಗೆ ನಾವು ಮೊದಲು ನೆನೆಯುವುದು ಟೆಲ್ಮಿಸಾರ್ಟನ್, ಲೊಸಾರ್ಟನ್, ರ‍್ಯಾಮಿಪ್ರಿಲ್ ಗುಂಪನ್ನು, ಅವು ಬಿಗಿದ ಹೊರಬಾಗಿಲನ್ನು ಸಡಿಲಿಸುತ್ತವೆ. ನಿಮ್ಮ ವೈದ್ಯರ ಹತ್ತಿರ ಇದನ್ನು ಕೇಳಿ, ನೀವಾಗಿ ಬದಲಾಯಿಸಬೇಡಿ. ಶುರು ಮಾಡಿದ ಎರಡರಿಂದ ನಾಲ್ಕು ವಾರದಲ್ಲಿ ಪೊಟ್ಯಾಸಿಯಂ, ಕ್ರಿಯಾಟಿನಿನ್ ನೋಡಬೇಕು. ಒತ್ತಡ ಇಳಿದದ್ದರಿಂದ ಕ್ರಿಯಾಟಿನಿನ್ ಶೇಕಡಾ 30ರವರೆಗೆ ಏರಿದರೂ ಸಾಮಾನ್ಯವಾಗಿ ಮಾತ್ರೆ ನಿಲ್ಲಿಸುವುದಿಲ್ಲ. ಆಗಲೂ ಹೀಗೇ ಹೆದರಿ ಪತ್ರ ಬರೆಯಬೇಡಿ! ವಾಂತಿ ಭೇದಿಯಾದ ದಿನ ಮಾತ್ರ ಅದನ್ನು ತಡೆಹಿಡಿಯಬೇಕೇ ಎಂದು ಫೋನು ಮಾಡಿ ಕೇಳಿ. ಹೊಸ ಔಷಧಿಗಳೂ ಬಂದಿವೆ. ಒಳಬಾಗಿಲನ್ನು ಹದಕ್ಕೆ ತರುವ ಡಪಾಗ್ಲಿಫ್ಲೊಜಿನ್ ಗುಂಪು ಇದೆ. ತೂಕ ಇಳಿಸುವ ಸೆಮಾಗ್ಲುಟೈಡ್ ಚುಚ್ಚುಮದ್ದು ಕಿಡ್ನಿ ಕಾಯಿಲೆಯಿದ್ದ ಮಧುಮೇಹಿಗಳಲ್ಲಿ ದೊಡ್ಡ ಕಿಡ್ನಿ ತೊಂದರೆಗಳನ್ನು ಶೇಕಡಾ 24ರಷ್ಟು ತಗ್ಗಿಸಿದ್ದು 2024ರಲ್ಲಿ ಪ್ರಕಟವಾಯಿತು. ನಿಮಗೆ ಇವು ಬೇಕೇ ಎಂಬುದು ಮುಂದಿನ ಪರೀಕ್ಷೆಯ ನಂತರದ ಮಾತು. ರಾತ್ರಿ ಗೊರಕೆ ಜೋರಿದ್ದು, ಹಗಲು ತೂಕಡಿಕೆ ಇದ್ದರೆ ಅದನ್ನೂ ವೈದ್ಯರಿಗೆ ಹೇಳಿ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯಿದ್ದರೆ ಬಿಪಿ ಮಾತ್ರೆಗೆ ಸುಲಭಕ್ಕೆ ಜಗ್ಗುವುದಿಲ್ಲ.

ಮರುಪರೀಕ್ಷೆ ಹೀಗೆ ಮಾಡಿಸಿ. ಪೌಡರ್ ಬಿಟ್ಟು ಎರಡು ವಾರ ಕಳೆಯಲಿ. ಪರೀಕ್ಷೆಗೆ ಮೊದಲಿನ ಎರಡು ದಿನ ಜಿಮ್ ಬೇಡ, ಮಾಮೂಲಿ ನಡಿಗೆ ಸರಿ. ಹಿಂದಿನ ರಾತ್ರಿ ಮೀನು, ಮಾಂಸ ಬೇಡ. ಜ್ವರ, ಉರಿಮೂತ್ರ ಇರುವಾಗ ಬೇಡ. ಮೂತ್ರ ಬೆಳಿಗ್ಗೆ ಎದ್ದ ಮೊದಲನೆಯದೇ ಆಗಿರಲಿ. ಮೂರರಿಂದ ಆರು ತಿಂಗಳ ಅವಧಿಯಲ್ಲಿ ಮೂರು ಸಲ ನೋಡಿ ಎರಡರಲ್ಲಿ ಅನುಪಾತ 30 ದಾಟಿದ್ದರೆ ಅದು ಕಿಡ್ನಿ ಕಾಯಿಲೆಯ ಆರಂಭದ ಹಂತವೆಂದೇ ಹಿಡಿದು ಚಿಕಿತ್ಸೆ ಮಾಡಬೇಕು. 300 ದಾಟಿದರೆ, ಮೂತ್ರದಲ್ಲಿ ರಕ್ತವಿದ್ದರೆ, ಇಜಿಎಫ್‌ಆರ್ 60ರ ಕೆಳಗೆ ಬಂದರೆ ಕಿಡ್ನಿ ತಜ್ಞರನ್ನು ಕಾಣಿ, ಎಲ್ಲದಕ್ಕೂ ಬೊಜ್ಜೇ ಕಾರಣ ಎಂದು ಸುಮ್ಮನಾಗಬಾರದು.

ಬರಿಗಾಲೋ ಶೂವೋ? ಅಲೆ ಬಂದು ಹೋದ ಗಟ್ಟಿ ಒದ್ದೆ ಮರಳಿನಲ್ಲಿ ಬರಿಗಾಲು ಹಿತವೇ. ಒಣ ಮರಳಿನಲ್ಲಿ ಕಾಲು ಹೂತು ಹಿಮ್ಮಡಿ, ಮೀನಖಂಡ ಎಳೆಯುತ್ತದೆ, 94 ಕಿಲೋಗೆ ಅದು ನೋವಿನ ಮಾತ್ರೆಯ ದಾರಿ. ತೀರ ಒಂದೇ ಕಡೆಗೆ ಇಳಿಜಾರು, ಹಾಗಾಗಿ ಹೋದಷ್ಟೇ ದೂರ ಅದೇ ಸಾಲಿನಲ್ಲಿ ತಿರುಗಿ ಬನ್ನಿ, ಇಲ್ಲವಾದರೆ ಒಂದೇ ಮಂಡಿಗೆ ಭಾರ ಬೀಳುತ್ತದೆ. ನಿಮಗೆ ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಅಂಗಾಲಿನ ಸ್ಪರ್ಶ ಸರಿಯಿದ್ದರೆ ಬರಿಗಾಲಲ್ಲಿ ಹತ್ತು ನಿಮಿಷ, ಉಳಿದದ್ದಕ್ಕೆ ಶೂ. ಸಂಜೆ ಬಲೆ ಎಳೆದ ಜಾಗದಲ್ಲಿ ಮಾತ್ರ ಶೂ ಕಳಚಬೇಡಿ, ಅಲ್ಲಿ ಮೀನಿನ ಮುಳ್ಳು, ಗಾಳ ಎಲ್ಲ ಬಿದ್ದಿರುತ್ತವೆ.